ಕುತ್ತಿಗೆ ನೋಯದ ನಕ್ಷತ್ರ

ಗಗನಯಾತ್ರಿಗಳು ಕಕ್ಕಸಿಗೆ ಹೇಗೆ ಹೋಗುತ್ತಾರೆ? ನನ್ನ ಅರ್ಧ ಆಯುಷ್ಯ ಈ ಒಂದು ಪ್ರಶ್ನೆಗೆ ಉತ್ತರ ಹೇಳುವುದರಲ್ಲೇ ಕಳೆದುಹೋಯಿತು. ಉಳಿದರ್ಧದಲ್ಲಿ ಸೂರ್ಯ ಆರಿಹೋದರೆ ನಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ, ಕಪ್ಪುಕುಳಿಗೆ ಬಿದ್ದವನ ಗತಿ ಏನು, ಬೇರೆ ಗ್ರಹದವರು ಯಾಕೆ ಇನ್ನೂ ನಮ್ಮ ಕಡೆ ತಲೆ ಹಾಕಿಲ್ಲ. ಈ ಕೊನೆಯದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರವಿದೆ, ಆದರೆ ಟಿಕೆಟ್ ಕೊಂಡು ಬಂದವರ ಮುಖಕ್ಕೆ ಹೇಳುವಂಥದ್ದಲ್ಲ.

ನಾನು ತಾರಾಲಯದಲ್ಲಿ ನಿರೂಪಕಿ. ಆ ದೊಡ್ಡ ಗುಮ್ಮಟದ ನಡುವೆ ಮೈತುಂಬ ತೂತುಗಳಿರುವ ಲೋಹದ ಚೆಂಡೊಂದಿದೆ. ಒಳಗೆ ದೀಪ ಹತ್ತಿಸಿದರೆ ತೂತುಗಳಿಂದ ಬೆಳಕು ಹೊರಬಿದ್ದು ಛಾವಣಿಯ ಮೇಲೆ ನಕ್ಷತ್ರಗಳು ಮೂಡುತ್ತವೆ. ಜನ ಒರಗುಕುರ್ಚಿಗಳಲ್ಲಿ ಅಂಗಾತ ಬಿದ್ದು ನೋಡುತ್ತಾರೆ. ನಾನು ಮೂಲೆಯ ಮೇಜಿನ ಹಿಂದೆ ಕೂತು ಮೈಕಿನಲ್ಲಿ ಹೇಳುತ್ತೇನೆ, ಬೆಳಕಿನ ಬಾಣವೊಂದನ್ನು ಅತ್ತಿತ್ತ ಓಡಾಡಿಸಿ ತೋರಿಸುತ್ತೇನೆ. ಹೇಳುತ್ತಿದ್ದೆ, ತೋರಿಸುತ್ತಿದ್ದೆ ಎನ್ನಬೇಕು. ಈಗಿನ ನನ್ನ ಕೆಲಸದ ಸಂಗತಿಗೆ ಆಮೇಲೆ ಬರುತ್ತೇನೆ.

ತಾರಾಲಯ ಕಟ್ಟಿಸಿದ ಹಿರಿಯರು ಒಂದು ಪದ್ಧತಿ ಮಾಡಿಟ್ಟು ಹೋಗಿದ್ದರು. ಪ್ರದರ್ಶನ ಮುಗಿದ ಮೇಲೆ ದೀಪಗಳನ್ನು ಅರ್ಧ ಹೊತ್ತಿಸಿ ಜನರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿಸಬೇಕು. ಅದಕ್ಕೆ ಪ್ರಶ್ನೆ ವೇಳೆ ಎಂದು ಹೆಸರು. ಪ್ರಶ್ನೆ ಹೊಟ್ಟೆಯಲ್ಲಿಟ್ಟುಕೊಂಡು ಯಾರೂ ಬಾಗಿಲು ದಾಟಬಾರದು ಎನ್ನುವುದು ಅವರ ಹಠ. ನಿರೂಪಕರು ಗೊತ್ತಿಲ್ಲ ಎನ್ನುವಂತಿರಲಿಲ್ಲ. ಹಾಗೇನಾದರೂ ಸಂಕಟ ಬಂದರೆ 'ವಿಜ್ಞಾನಿಗಳಿಗೆ ಇನ್ನೂ ಗೊತ್ತಾಗಿಲ್ಲ' ಎನ್ನಬೇಕು. ಹೀಗಂದರೆ ನಮ್ಮ ಮರ್ಯಾದೆಯೂ ಉಳಿಯುತ್ತದೆ, ವಿಜ್ಞಾನಿಗಳಿಗೂ ಕೈತುಂಬ ಕೆಲಸವಿರುತ್ತದೆ.

ನನ್ನ ಪ್ರಶ್ನೆ ವೇಳೆಯ ಬಹುದೊಡ್ಡ ಗಿರಾಕಿ ಅಕ್ಕನ ಮಗಳು. ಅಕ್ಕ ಬೇಕರಿಯಲ್ಲಿ ದುಡಿಯುತ್ತಿದ್ದಳು. ಭಾವ ಎಂದೋ ಬೇರೆ ಸಂಸಾರ ಕಟ್ಟಿಕೊಂಡು ಇವರಿಬ್ಬರಿಂದ ಕೈ ತೊಳೆದುಕೊಂಡಿದ್ದ. ಭಾನುವಾರ ಬೇಕರಿಗೆ ಗಿರಾಕಿ ಹೆಚ್ಚು, ಅಕ್ಕನಿಗೆ ರಜೆ ಸಿಗುತ್ತಿರಲಿಲ್ಲ. ಹಾಗಾಗಿ ಮಗು ಭಾನುವಾರವೆಲ್ಲ ನನ್ನ ಪಾಲು. ವಾರದ ದಿನಗಳಲ್ಲಿ ನಾನು ಶಾಲೆಗಳಿಗೆ ಹೋಗಿ ಉಪನ್ಯಾಸ ಕೊಡುತ್ತಿದ್ದೆ, ಗುಮ್ಮಟದೊಳಗೆ ಬೇರೆ ಇಬ್ಬರು ಕೂರುತ್ತಿದ್ದರು. ಭಾನುವಾರ ಮಧ್ಯಾಹ್ನದ ಪ್ರದರ್ಶನ ಮಾತ್ರ ನನ್ನದು. ನನ್ನ ಮೇಜಿನ ಪಕ್ಕದ ಕುರ್ಚಿ ಅವಳದು. ನಾನು ಅವಳನ್ನು ಯಾಕಮ್ಮ ಅಂತಲೇ ಕರೆಯುತ್ತಿದ್ದೆ, ಬಾಯಿ ತೆರೆದರೆ ಯಾಕೆ ಎನ್ನುತ್ತಿದ್ದುದರಿಂದ. ಆಕಾಶ ರಾತ್ರಿ ಯಾಕೆ ಕಪ್ಪು, ಚಂದ್ರ ಯಾಕೆ ಬೆನ್ನು ತೋರಿಸಲ್ಲ, ಬಾಹ್ಯಾಕಾಶದಲ್ಲಿ ಕೂಗಿದರೆ ಯಾಕೆ ಕೇಳಿಸಲ್ಲ. ಈ ಕೊನೆಯದು ಅವಳ ತಲೆ ಬಹಳ ತಿಂದಿತ್ತು.

"ಗಾಳಿ ಇಲ್ಲ ಪುಟ್ಟಾ. ಶಬ್ದ ಹೊತ್ಕೊಂಡು ಹೋಗೋಕೆ ಏನಾದ್ರೂ ಬೇಕಲ್ಲ," ಎಂದಿದ್ದೆ.

"ಅಂದ್ರೆ ಪಕ್ಕದಲ್ಲೇ ನಿಂತ್ಕೊಂಡು ಕೂಗಿದ್ರೂ?"

"ಕಿವಿ ಹತ್ರ ಬಂದು ಕಿರುಚಿದ್ರೂ ಅಷ್ಟೆ."

"ಹಾಗಾದ್ರೆ ಅಮ್ಮ ಬೈಯೋದು ಅಲ್ಲಿ ಕೇಳ್ಸಲ್ಲ," ಎಂದು ನಿರಾಳವಾಗಿ ಒರಗಿಕೊಂಡಿದ್ದಳು. ಸಭೆಯೆಲ್ಲ ನಕ್ಕಿತ್ತು. ಅಕ್ಕನಿಗೆ ಸಂಜೆ ಹೇಳಿದಾಗ ಅವಳೂ ನಕ್ಕಳು. ಆಮೇಲೆ ಮಗುವಿಗೆ ಅದೇ ತಲೆಹರಟೆಗೆ ಬೈದಳು.

ಹಿರಿಯರು ನಿವೃತ್ತರಾಗಿ ಹೊಸ ನಿರ್ದೇಶಕರು ಬಂದರು. ಮೊದಲು ಚಪ್ಪಲಿ ಕಂಪನಿಯೊಂದನ್ನು ಮೇಲೆತ್ತಿದವರಂತೆ. ಅದೇ ಕೈಚಳಕದಲ್ಲಿ ಆಕಾಶವನ್ನೂ ಮೇಲೆತ್ತಲು ಅವರನ್ನು ಕರೆತಂದಿದ್ದರು. ಬಂದ ವರ್ಷವೇ ಬಾಗಿಲ ಹತ್ತಿರ ಗಾಜಿನ ಕೌಂಟರು ಎದ್ದಿತು. ಉಲ್ಕೆಯ ಚೂರು ಎಂದು ಮಾರುವ ಕಪ್ಪು ಕಲ್ಲು, ಹಲ್ಲಿಗೆ ಅಂಟುವ ಗಗನಯಾತ್ರಿ ಮಿಠಾಯಿ, ಮತ್ತೆ ಎಲ್ಲಕ್ಕಿಂತ ಮೇಲೆ, ನಕ್ಷತ್ರ. ದುಡ್ಡು ಕೊಟ್ಟರೆ ಸತ್ತವರ ಹೆಸರನ್ನೋ ಪ್ರೀತಿಸಿದವರ ಹೆಸರನ್ನೋ ಒಂದು ನಕ್ಷತ್ರಕ್ಕೆ ಇಟ್ಟು, ಹೊಂಬಣ್ಣದ ಅಂಚಿನ ಪ್ರಮಾಣಪತ್ರ ಕೊಡುತ್ತಿದ್ದರು. ವಾರಕ್ಕೊಮ್ಮೆ ಗುಮ್ಮಟದೊಳಗೆ ಆ ನಕ್ಷತ್ರದ ದರ್ಶನ ಉಚಿತ.

ನಾನು ನಿರ್ದೇಶಕರ ಕೋಣೆಗೆ ಹೋಗಿ ಜಗಳವಾಡಿದೆ. ನಕ್ಷತ್ರಗಳಿಗೆ ಹೆಸರಿಡುವವರು ಖಗೋಳಶಾಸ್ತ್ರಜ್ಞರು, ಅದನ್ನು ಮಾರುವ ಹಕ್ಕು ಭೂಮಿಯ ಮೇಲೆ ಯಾರಿಗೂ ಇಲ್ಲ, ಇದು ಜನರಿಗೆ ಟೋಪಿ ಹಾಕುವ ಕೆಲಸ ಎಂದೆ. ಅವರು ನಕ್ಕರು. "ಮೇಡಂ, ನಾವು ನಕ್ಷತ್ರ ಮಾರ್ತಿಲ್ಲ. ಸಮಾಧಾನ ಮಾರ್ತಿದೀವಿ. ಅದಕ್ಕೆ ಯಾರ ಪರ್ಮಿಷನ್ ಬೇಕು?" ಎಂದರು. ಚಪ್ಪಲಿ ಮಾರುವಾಗಲೂ ನಡಿಗೆ ಮಾರುತ್ತಿದ್ದೇನೆ ಅಂದಿರಬೇಕು.

ಆ ಹೊತ್ತಿಗೆ ಯಾಕಮ್ಮ ಕಾಲೇಜಿಗೆ ಬಂದಿದ್ದಳು, ಭೌತಶಾಸ್ತ್ರ ಓದುತ್ತಿದ್ದಳು. ಕೌಂಟರು ನೋಡಿ ಅವಳಿಗೆ ಹಬ್ಬವೇ ಆಯಿತು. ನೇರ ಹೋಗಿ ಅಲ್ಲಿದ್ದ ಹುಡುಗಿಯನ್ನು ಕೇಳಿದಳು. "ಈ ನಕ್ಷತ್ರಕ್ಕೆ ವಾರಂಟಿ ಎಷ್ಟು ವರ್ಷ? ಸಿಡಿದು ಹೋದ್ರೆ ಬೇರೆ ಕೊಡ್ತೀರಾ? ಮನೆಗೆ ತಂದುಕೊಡೋದಾದ್ರೆ ಎಷ್ಟಾಗುತ್ತೆ?" ಕೌಂಟರಿನ ಹುಡುಗಿ ಪಾಪ, ಮೇಲಿನವರನ್ನು ಕೇಳಿ ಹೇಳ್ತೀನಿ ಎಂದಳು. ನಾವಿಬ್ಬರೂ ಹೊರಗೆ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಷ್ಟು ನಕ್ಕದ್ದು ಅದೇ ಕೊನೆ.

ಅವಳ ರಕ್ತ ಕೆಟ್ಟಿತು. ವೈದ್ಯರು ಹೇಳಿದ ಉದ್ದನೆಯ ಹೆಸರು ನನಗೆ ಬೇಡ. ಒಂದು ಚಳಿಗಾಲ ಹಾಸಿಗೆ ಹಿಡಿದಳು. ಅಕ್ಕ ಬೇಕರಿ ಮುಗಿಸಿ ಬರುವವರೆಗೆ ನಾನು ಆಸ್ಪತ್ರೆಯಲ್ಲಿ ಅವಳ ಪಕ್ಕ ಕೂರುತ್ತಿದ್ದೆ. ಒಂದು ಮಧ್ಯಾಹ್ನ ಅಂಗಾತ ಮಲಗಿದ್ದವಳ ಕಣ್ಣಿಂದ ನೀರು ಕಿವಿಯ ಕಡೆ ಇಳಿಯುತ್ತಿತ್ತು. ನಾನು ಒರೆಸಲು ಹೋದರೆ ಕೈ ತಡೆದಳು.

"ಬಾಹ್ಯಾಕಾಶದಲ್ಲಿ ಅತ್ರೆ ಕಣ್ಣೀರು ಬೀಳಲ್ಲ ಅಲ್ವಾ ಚಿಕ್ಕಮ್ಮಾ?"

"ಬೀಳಲ್ಲ. ಕಣ್ಣಿಗೇ ಅಂಟ್ಕೊಂಡು ಗುಡ್ಡೆ ಆಗುತ್ತೆ."

"ಇಲ್ಲಿ ಕಿವಿಗಾದ್ರೂ ಹೋಗುತ್ತೆ. ಅಷ್ಟರಮಟ್ಟಿಗೆ ಭೂಮೀನೇ ವಾಸಿ." ಮತ್ತೆ ಹೇಳಿದಳು. "ಒಂದು ಮಾತು ಕೊಡಿ. ನನ್ನ ಹೆಸರಲ್ಲಿ ಆ ನಕ್ಷತ್ರ ಮಾತ್ರ ಯಾರೂ ಕೊಂಡ್ಕೋಬಾರ್ದು. ಓದಿದ್ದಕ್ಕಾದ್ರೂ ಮರ್ಯಾದೆ ಇರ್ಲಿ. ಅಮ್ಮ ಕೊಂಡ್ಕೊಂಡ್ರೂ ಕೊಂಡ್ಕೊಂಡಾಳು, ಅವಳಿಗೆ ನೀವು ಹೇಳಿ."

ಮಾತು ಕೊಟ್ಟೆ. ಕೊಡದೆ ಇರುವುದಕ್ಕೆ ಆಗುತ್ತಿತ್ತೇ? ಚಳಿಗಾಲ ಕಳೆಯುವ ಮೊದಲೇ ಅವಳು ಹೋದಳು. ಹತ್ತೊಂಬತ್ತು ವರ್ಷ.

ತಿಂಗಳಾಗಿರಲಿಲ್ಲ, ಅಕ್ಕನ ಅಡುಗೆಮನೆಗೆ ಹೋದರೆ ಗೋಡೆಯ ಮೇಲೆ ಹೊಂಬಣ್ಣದ ಅಂಚು ಹೊಳೆಯುತ್ತಿತ್ತು. ನಾನು ಶಾಲೆಯೊಂದರಲ್ಲಿ ಭಾಷಣ ಕುಟ್ಟುತ್ತಿದ್ದ ಹೊತ್ತಿನಲ್ಲಿ ಅಕ್ಕ ಒಬ್ಬಳೇ ತಾರಾಲಯಕ್ಕೆ ಹೋಗಿ ಕೊಂಡುಬಿಟ್ಟಿದ್ದಳು. ಮಗಳ ಪೂರ್ತಿ ಹೆಸರು, ಕೆಳಗೆ ನಕ್ಷತ್ರದ ಸಂಖ್ಯೆ, ಅದರ ಕೆಳಗೆ ದರ್ಶನದ ದಿನ: ಭಾನುವಾರ. ನನ್ನ ತಂಗಿ ಇಲ್ಲೇ ಕೆಲಸ ಮಾಡೋದು ಎಂದಿದ್ದಕ್ಕೆ ನಿರ್ದೇಶಕರೇ ಎದ್ದು ಬಂದು ರಿಯಾಯಿತಿ ಕೊಟ್ಟರಂತೆ.

"ಅಕ್ಕಾ, ಇದು ಶುದ್ಧ ಮೋಸ. ನಕ್ಷತ್ರ ಯಾರೂ ಯಾರಿಗೂ ಮಾರೋ ಹಾಗಿಲ್ಲ. ವಾಪಸ್ ಕೊಡ್ಸ್ತೀನಿ, ಕೊಡು."

ಅಕ್ಕ ಪಾತ್ರೆ ಉಜ್ಜುತ್ತಿದ್ದಳು. ತಿರುಗಿ ನೋಡಲಿಲ್ಲ. "ಊರಿಗೆಲ್ಲ ತೋರಿಸ್ತೀಯ. ನನಗೆ ತೋರಿಸೋಕೆ ಕಷ್ಟ ನಿಂಗೆ."

"ಹಾಗಲ್ಲ ಕಣೆ. ಅವಳೇ ನಂಗೆ—"

"ನೀನು ಹೆತ್ತಿದ್ರೆ ಗೊತ್ತಾಗ್ತಿತ್ತು," ಎಂದಳು.

ಮಗುವಿಗೆ ಕೂದಲು ಬಾಚಿದ್ದು, ಲೆಕ್ಕ ಹೇಳಿಕೊಟ್ಟದ್ದು, ಜ್ವರ ಬಂದಾಗ ಎತ್ತಿಕೊಂಡು ಓಡಿದ್ದು, ಅಷ್ಟು ಭಾನುವಾರಗಳೂ ಆ ಒಂದು ಮಾತಿನ ಮುಂದೆ ಲೆಕ್ಕಕ್ಕೆ ಬರಲಿಲ್ಲ. ಯಾಕಮ್ಮ ಹೇಳಿದ್ದನ್ನು ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅಕ್ಕನನ್ನು ಕಳೆದುಕೊಳ್ಳುತ್ತೇನೆ, ಹೇಳದಿದ್ದರೆ ಆ ಹುಡುಗಿಗೆ ಕೊಟ್ಟ ಮಾತು ಹೋಗುತ್ತದೆ. ಒಡಹುಟ್ಟಿದವಳು ಅಂತ ನನಗಿದ್ದವಳು ಇವಳೊಬ್ಬಳೇ. ಸತ್ತವಳ ಮಾತು ಎಷ್ಟು ದಿನ ಬೇಕಾದರೂ ಕಾಯುತ್ತದೆ ಎಂದುಕೊಂಡು ಎದ್ದು ಬಂದೆ.

ಮುಂದಿನ ಭಾನುವಾರದಿಂದ ಅಕ್ಕ ಮಗಳ ಕುರ್ಚಿಯಲ್ಲಿ ಕೂರತೊಡಗಿದಳು. ಮಗಳು ಬದುಕಿದ್ದಾಗ ಕೊಡದ ಭಾನುವಾರದ ರಜೆಯನ್ನು ಬೇಕರಿಯವರು ಈಗ ಕೊಟ್ಟಿದ್ದರು. ಪ್ರಶ್ನೆ ವೇಳೆಯಲ್ಲಿ ಎದ್ದು ನಿಂತು, ನಾನು ಯಾರೋ ಎಂಬಂತೆ ಕೇಳುವಳು. "ಮೇಡಂ, ನಮ್ಮ ನಕ್ಷತ್ರ ತೋರಿಸ್ತೀರಾ?" ಮೇಜಿನ ಮೇಲೆ ಅದಕ್ಕೆಂದೇ ಕೆಂಪು ಗುಂಡಿಯೊಂದನ್ನು ಕೂರಿಸಿದ್ದರು. ಒತ್ತಿದರೆ ಬಾಣ ತಾನಾಗಿ ಹೋಗಿ ಗುಮ್ಮಟದ ನೆತ್ತಿಗೆ ಸ್ವಲ್ಪ ಕೆಳಗಿದ್ದ ಒಂದು ಸಾಧಾರಣ ನಕ್ಷತ್ರದ ಪಕ್ಕ ನಿಲ್ಲುತ್ತಿತ್ತು. ನಾನು ಗುಂಡಿ ಒತ್ತುತ್ತಿದ್ದೆ. ಅಕ್ಕ ಕತ್ತೆತ್ತಿ ನೋಡುವಳು. ಅವಳ ಮುಖ ಅಷ್ಟು ಹೊತ್ತು ಸಡಿಲವಾಗುತ್ತಿತ್ತು. ಅದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗುತ್ತಿರಲಿಲ್ಲ, ಹೊಟ್ಟೆ ಉರಿಯುತ್ತಿತ್ತು. ಯಾಕಮ್ಮ ಕೂತು ಪ್ರಶ್ನೆ ಕೇಳಿದ ಕುರ್ಚಿಯಲ್ಲಿ ಕೂತು, ಅವಳು ನಕ್ಕು ತಳ್ಳಿಹಾಕಿದ್ದನ್ನೇ ಅವಳ ಹೆಸರಿನಲ್ಲಿ ಬೇಡುವುದೆಂದರೆ!

ಹೀಗೆ ಒಂದು ವರ್ಷ ನಡೆಯಿತು. ಆಮೇಲೆ ಒಬ್ಬ ಬಸ್ ಚಾಲಕ ಬಂದ.

ಭಾನುವಾರ ಮಧ್ಯಾಹ್ನದ ಪ್ರದರ್ಶನ. ಕಕ್ಕಸಿನ ಪ್ರಶ್ನೆ ಆಗಿತ್ತು, ಸೂರ್ಯ ಆರುವ ಪ್ರಶ್ನೆ ಆಗಿತ್ತು. ಹಿಂದಿನ ಸಾಲಿನಲ್ಲಿ ಖಾಕಿ ಅಂಗಿಯ ದೊಡ್ಡಾಳೊಬ್ಬ ಕೈಯೆತ್ತಿದ. "ಮೇಡಂ, ನಾನು ಯಾವಾಗ್ಲೂ ಮಂಗಳವಾರ ಬರೋನು. ಡ್ಯೂಟಿ ಚೇಂಜ್ ಆಯ್ತು, ಈ ಸಲ ಇವತ್ತು ಬಂದಿದೀನಿ. ನನ್ನ ಹೆಂಡ್ತಿ ನಕ್ಷತ್ರ ಒಂಚೂರು ತೋರಿಸ್ತೀರಾ?"

ಗುಂಡಿ ಒಂದೇ ಇದ್ದುದು. ನನಗೆ ಆಗಲೇ ಏನೋ ಹೊಳೆದಂತಾಯಿತು, ಆದರೆ ಬೆರಳು ಒತ್ತಿಬಿಟ್ಟಿತ್ತು. ಬಾಣ ಹೋಗಿ ಅದೇ ಜಾಗದಲ್ಲಿ ನಿಂತಿತು.

"ಹಾಂ, ಅದೇ," ಎಂದ ಚಾಲಕ, ದನಿ ಮೆತ್ತಗಾಗಿ.

ಅಕ್ಕ ಎದ್ದು ನಿಂತಳು. "ಅದಲ್ಲ. ಅದು ನನ್ನ ಮಗಳದ್ದು."

"ಇಲ್ಲಮ್ಮಾ, ನಾನು ಎರಡು ವರ್ಷದಿಂದ ನೋಡ್ತಿದೀನಿ. ನಂಬರು ಬಾಯಿಪಾಠ ಇದೆ." ಅವನು ಸಂಖ್ಯೆ ಹೇಳಿದ. ಅಕ್ಕನಿಗೂ ಬಾಯಿಪಾಠವಿತ್ತು. ಅವಳೂ ಹೇಳಿದಳು. ಎರಡೂ ಒಂದೇ.

ಯಾರೋ ಕಿಸಕ್ಕೆಂದರು. ಮಗುವೊಂದು, "ಅಮ್ಮಾ, ಒಂದೇ ನಕ್ಷತ್ರ ಇಬ್ರಿಗಾ?" ಎಂದು ಗಟ್ಟಿಯಾಗಿ ಕೇಳಿತು. ಗದ್ದಲ ಕೇಳಿ ನಿರ್ದೇಶಕರು ಬಾಗಿಲಲ್ಲಿ ಬಂದು ನಿಂತಿದ್ದರು. ಅವರ ಹಿಂದೆ ಕೌಂಟರಿನ ಹುಡುಗಿ ಕಣ್ಣು ಕೆಳಗೆ ಹಾಕಿದ್ದಳು. ನಾನು ಮೈಕಿನಲ್ಲೇ ಅವಳನ್ನು ಕೇಳಿದೆ. "ಯಾರ್ಯಾರಿಗೆ ಕೊಟ್ಟಿದೀಯಮ್ಮ ಇದನ್ನ?"

"ಎಲ್ರಿಗೂ ಅದೇ ಮೇಡಂ," ಎಂದಳು ಹುಡುಗಿ, ಅಳು ಬಂದವಳಂತೆ. "ಬೇರೆ ಬೇರೆ ಕೊಟ್ರೆ ಕಾಣ್ಸಲ್ಲ ಅಂತ ಜಗಳ ಮಾಡ್ತಿದ್ರು. ಇದೊಂದೇ ಎಲ್ಲ ಸೀಟಿಂದ್ಲೂ ಕುತ್ತಿಗೆ ನೋಯದೆ ಕಾಣೋದು. ಅದಕ್ಕೇ ಒಬ್ಬೊಬ್ರಿಗೆ ಒಂದೊಂದು ದಿನ, ಒಂದೊಂದು ಶೋ ಕೊಡೋಕೆ ಸಾರ್ ಹೇಳಿದ್ರು."

ಚಾಲಕ ಅಕ್ಕನ ಕಡೆ ನೋಡಿದ, ಅಕ್ಕ ನನ್ನ ಕಡೆ ನೋಡಿದಳು. "ನೀನು ಹೇಳು," ಎಂದಳು. ಮೇಡಂ ಹೋಗಿ ನೀನು ಆಗಿತ್ತು, ಒಂದು ವರ್ಷದ ಮೇಲೆ. "ಯಾರದ್ದು ಅದು?"

ನಿರ್ದೇಶಕರು ಬಾಗಿಲಿಂದಲೇ ತುಟಿಯ ಮೇಲೆ ಬೆರಳಿಟ್ಟರು. ಆ ಬೆರಳು ಕಂಡದ್ದೇ ನನಗೆ ಮೈ ಉರಿದುಹೋಯಿತು. ಹೇಳಿಬಿಟ್ಟೆ.

"ಯಾರದ್ದೂ ಅಲ್ಲ. ನಕ್ಷತ್ರ ಮಾರೋಕಾಗಲ್ಲ, ಕೊಳ್ಳೋಕಾಗಲ್ಲ. ಇಲ್ಲಿ ಮಾರಿರೋದು ಬರೀ ಕಾಗದ. ಈ ಬೆಳಕು ಕೂಡ ಚೆಂಡಲ್ಲಿರೋ ಒಂದು ತೂತು." ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಅಕ್ಕಾ, ಅವಳಿಗಿದು ಗೊತ್ತಿತ್ತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಹೇಳಿದ್ಲು, ನನ್ನ ಹೆಸರಲ್ಲಿ ಅದನ್ನ ಕೊಳ್ಳೋಕೆ ಬಿಡಬೇಡಿ ಅಂತ. ಅಮ್ಮನಿಗೆ ನೀವೇ ಹೇಳಿ ಅಂದ್ಲು. ಅವತ್ತು ಹೇಳೋಕೆ ಬಂದೆ, ನೀನು ಬಿಡಲಿಲ್ಲ."

ಚಾಲಕ ಕುಸಿದ ಹಾಗೆ ಕೂತುಬಿಟ್ಟ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅಷ್ಟು ದೊಡ್ಡ ಮೈಯ ಗಂಡಸು ಒಮ್ಮೆಲೇ ಸಣ್ಣವನಾದ. ಅವನನ್ನು ನೋಡಿ ನನಗೆ ಅಯ್ಯೋ ಎನಿಸಿತು.

ಅಕ್ಕ ಕೂರಲಿಲ್ಲ. ನಾನು ಮೋಸ ಎಂದದ್ದು ಅವಳಿಗೆ ತಾಗಿದಂತೆಯೇ ಕಾಣಲಿಲ್ಲ. ಮಗಳ ಮಾತು ತಾಗಿತ್ತು. ಅಂಥ ಒಂದು ಮಾತನ್ನು ಮಗಳು ತನಗೆ ಹೇಳದೆ ನನಗೆ ಹೇಳಿದ್ದಳು ಎನ್ನುವುದು ತಾಗಿತ್ತು. ಆಮೇಲೆ ಕೇಳಿದಳು.

"ಹಾಗಾದ್ರೆ ಅವಳೆಲ್ಲಿದಾಳೆ?"

ಪ್ರಶ್ನೆ ವೇಳೆಯಲ್ಲಿ ಬಂದ ಪ್ರಶ್ನೆ. ಉತ್ತರ ಸಿಗದೆ ಯಾರೂ ಬಾಗಿಲು ದಾಟಬಾರದು. ನಾನು ಮೈಕು ಹಿಡಿದು ನಿಂತೇ ಇದ್ದೆ. ಗ್ರಹಗಳ ದೂರ, ಸೂರ್ಯನ ವಯಸ್ಸು, ಬೆಳಕಿನ ವೇಗ ಎಲ್ಲ ನಾಲಿಗೆಯ ತುದಿಯಲ್ಲಿತ್ತು. ವಿಜ್ಞಾನಿಗಳಿಗೆ ಇನ್ನೂ ಗೊತ್ತಾಗಿಲ್ಲ ಎನ್ನಲೇ? ಒಡಹುಟ್ಟಿದವಳಿಗೆ? ಮೈಕಿನಲ್ಲಿ ನನ್ನ ಉಸಿರು ಮಾತ್ರ ಗುಮ್ಮಟದ ತುಂಬ ಕೇಳುತ್ತಿತ್ತು. ಅಕ್ಕ ಸ್ವಲ್ಪ ಹೊತ್ತು ಕಾದಳು, ಆಮೇಲೆ ಚೀಲ ಎತ್ತಿಕೊಂಡು ಸಾಲು ದಾಟಿ ಹೊರಗೆ ಹೋದಳು. ಉತ್ತರವಿಲ್ಲದೆ ಬಾಗಿಲು ದಾಟಿದ ಮೊದಲನೆಯವಳು ಅವಳೇ.

ನಿರ್ದೇಶಕರು ನನ್ನನ್ನು ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಅಷ್ಟು ಒಳ್ಳೆಯವರಲ್ಲ. ಪ್ರಶ್ನೆ ವೇಳೆ ರದ್ದಾಯಿತು. ಹಳೆಯ ಚೆಂಡು ಗುಜರಿಗೆ ಹೋಗಿ ಹೊಸ ಯಂತ್ರ ಬಂತು. ಜೊತೆಗೆ ಧ್ವನಿಮುದ್ರಣ. ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ಬರುವ ಗಂಡಸಿನ ದನಿಯೊಂದು ಜನ ಕೇಳಬಹುದಾದ ಪ್ರಶ್ನೆಗಳನ್ನೆಲ್ಲ ತಾನೇ ಕೇಳಿಕೊಂಡು ತಾನೇ ಉತ್ತರ ಹೇಳಿಕೊಳ್ಳುತ್ತದೆ. ಕಕ್ಕಸಿನದ್ದಂತೂ ಹಿನ್ನೆಲೆ ಸಂಗೀತದ ಜೊತೆ. ನನ್ನನ್ನು ಬಾಗಿಲಲ್ಲಿ ಟಿಕೆಟ್ ಹರಿಯುವುದಕ್ಕೆ ನಿಲ್ಲಿಸಿದ್ದಾರೆ.

ನಕ್ಷತ್ರದ ವ್ಯಾಪಾರ ನಿಲ್ಲಲಿಲ್ಲ. ಆ ಗಲಾಟೆ ಊರಲ್ಲೆಲ್ಲ ಸುದ್ದಿಯಾಗಿ, ತಾರಾಲಯದಲ್ಲಿ ನಕ್ಷತ್ರ ಸಿಗುತ್ತದೆ ಎಂದು ಗೊತ್ತಿಲ್ಲದವರಿಗೂ ಗೊತ್ತಾಯಿತು. ಹೊಸ ಯಂತ್ರದಲ್ಲಿ ಯಾವ ನಕ್ಷತ್ರವನ್ನಾದರೂ ಹಿಗ್ಗಿಸಿ ನೆತ್ತಿಯ ಹತ್ತಿರ ತರಬಹುದು. ಈಗ ಒಬ್ಬೊಬ್ಬರಿಗೆ ಒಂದೊಂದು, ಯಾರ ಕುತ್ತಿಗೆಯೂ ನೋಯುವುದಿಲ್ಲ. ಮೋಸ ಹೋದವರು ತಮ್ಮ ಹಣ ವಾಪಸ್ ಕೇಳುತ್ತಾರೆ ಎಂದು ಹುಚ್ಚಿಯಂತೆ ಕಾದಿದ್ದೆ. ಎಲ್ಲರೂ ಬಂದರು, ಹಳೆಯ ಪ್ರಮಾಣಪತ್ರ ಕೊಟ್ಟು ಹೊಸದನ್ನು ತೆಗೆದುಕೊಂಡು ಹೋದರು. ಬಸ್ ಚಾಲಕನೊಬ್ಬನೇ ಬರಲಿಲ್ಲ. ಅವನನ್ನು ಒಮ್ಮೆ ರಸ್ತೆಯಲ್ಲಿ ಕಂಡೆ, ಬಸ್ಸಿನ ಗಾಜಿನ ಹಿಂದೆ. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡ. ನಾನು ಅವನಿಗೆ ನಿಜ ಹೇಳಿದ್ದೆ, ಬದಲಿಗೆ ಏನೂ ಕೊಟ್ಟಿರಲಿಲ್ಲ.

ಅಕ್ಕ ಭಾನುವಾರ ಬರುತ್ತಾಳೆ. ಹೊಸ ಪ್ರಮಾಣಪತ್ರ ಚೀಲದಲ್ಲಿರುತ್ತದೆ, ಅಂಚು ಹೊರಗೆ ಇಣುಕುತ್ತಿರುತ್ತದೆ. ಸಾಲಿನಲ್ಲಿ ನಿಂತು ಟಿಕೆಟ್ ಚಾಚುತ್ತಾಳೆ. ನಾನು ಹರಿದು ಅರ್ಧ ಕೊಡುತ್ತೇನೆ. ನನ್ನ ಬೆರಳು ತಾಗದ ಹಾಗೆ ತುದಿಯಲ್ಲಿ ಹಿಡಿದು ಒಳಗೆ ಹೋಗುತ್ತಾಳೆ. ಮನೆಗೆ ಹೋದರೆ ಬಾಗಿಲು ತೆಗೆಯುವುದಿಲ್ಲ, ಫೋನು ಎತ್ತುವುದಿಲ್ಲ. ಮೋಸ ಮಾಡಿದ ನಿರ್ದೇಶಕರಿಗೆ ಹೋಗುತ್ತ ಬರುತ್ತ ನಮಸ್ಕಾರ ಹೇಳುತ್ತಾಳೆ.

ಹೋದ ಭಾನುವಾರ ಜನ ಕಡಿಮೆ ಇತ್ತು. ಅಕ್ಕನ ಹಿಂದೆ ಯಾರೂ ಇರಲಿಲ್ಲ. ಟಿಕೆಟ್ ಹರಿದುಕೊಟ್ಟೆ, ಅವಳು ತಿರುಗಿದಳು. ಅವಳ ಜಡೆ ಪೂರ್ತಿ ಬೆಳ್ಳಗಾಗಿದ್ದು ಆಗ ಕಂಡಿತು. ಯಾಕಮ್ಮ ಇದ್ದಿದ್ದರೆ ಯಾಕೆ ಅನ್ನುತ್ತಿದ್ದಳು. ತಡೆಯಲಾಗಲಿಲ್ಲ, ಕೂಗಿದೆ.

"ಅಕ್ಕಾ!"

ನಮ್ಮಿಬ್ಬರ ಮಧ್ಯೆ ನಡುಮನೆಯಷ್ಟೂ ದೂರವಿರಲಿಲ್ಲ. ಗೋಡೆಗೆ ಒರಗಿ ತೂಕಡಿಸುತ್ತಿದ್ದ ಕಾವಲುಗಾರ ಬೆಚ್ಚಿ ಎದ್ದ, ಕೌಂಟರಿನ ಹುಡುಗಿ ಕತ್ತೆತ್ತಿ ನೋಡಿದಳು. ಅಕ್ಕ ನಿಲ್ಲಲಿಲ್ಲ, ನಡಿಗೆ ನಿಧಾನವೂ ಆಗಲಿಲ್ಲ. ಪರದೆ ಸರಿಸಿ ಕತ್ತಲಿಗೆ ಹೋದಳು. ಇದು ಬಾಹ್ಯಾಕಾಶವಲ್ಲ, ಇಲ್ಲಿ ಗಾಳಿ ಇದೆ. ಅವಳಿಗೆ ಕೇಳಿಸಿತ್ತು.